ಕೊರತೆ ಏನೂ ಇಲ್ಲ, ಆದರೂ ಬೆಳಗಾದರೆ ಏಳಲು ಮನಸ್ಸಿಲ್ಲ

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ಕೆಲಸಕ್ಕೆ ಹೋಗುತ್ತೇನೆ. ಇಬ್ಬರು ಮಕ್ಕಳು. ಗಂಡ ಒಳ್ಳೆಯವರು. ಸಾಲ ಇಲ್ಲ, ಮನೆಯಲ್ಲಿ ಜಗಳ ಇಲ್ಲ, ಹತ್ತಿರದವರು ಯಾರೂ ತೀರಿಕೊಂಡಿಲ್ಲ. ಆದರೆ ಮೂರು ತಿಂಗಳಿಂದ ನನಗೆ ಏನೋ ಆಗಿದೆ. ರಾತ್ರಿ ಮಲಗಿದ ಕೂಡಲೇ ನಿದ್ದೆ ಬರುತ್ತದೆ. ಮೂರೂವರೆಗೆ ಎಚ್ಚರವಾದರೆ ಮತ್ತೆ ಬರುವುದಿಲ್ಲ. ಆ ಹೊತ್ತಿನಲ್ಲಿ ಹಳೆಯ ತಪ್ಪುಗಳೆಲ್ಲ ಸಾಲುಗಟ್ಟಿ ಬರುತ್ತವೆ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಸಂಜೆಯ ಹೊತ್ತಿಗೆ ಸ್ವಲ್ಪ ಪರವಾಗಿಲ್ಲ. ಮೊದಲು ಹಾಡು ಕೇಳದೆ ಒಂದು ದಿನ ಇರುತ್ತಿರಲಿಲ್ಲ, ಈಗ ಬೇಡ ಅನಿಸುತ್ತದೆ. ಗೆಳತಿಯರ ಫೋನ್ ಎತ್ತುವುದಿಲ್ಲ. ಮಕ್ಕಳು ಒಂದು ಮಾತು ಜಾಸ್ತಿ ಕೇಳಿದರೂ ರೇಗುತ್ತೇನೆ, ಆಮೇಲೆ ಬಾಗಿಲು ಹಾಕಿಕೊಂಡು ಅಳುತ್ತೇನೆ. ಗಂಡ "ಪಾಸಿಟಿವ್ ಆಗಿ ಯೋಚಿಸು, ಧ್ಯಾನ ಮಾಡು" ಅನ್ನುತ್ತಾರೆ. ಧ್ಯಾನಕ್ಕೆ ಕೂತರೆ ಇನ್ನೂ ಕೆಟ್ಟದಾಗುತ್ತದೆ. ಅಕ್ಕ "ನಿನಗೇನು ಕಡಿಮೆಯಾಗಿದೆ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಕಾಯಿಲೆಯೋ, ಸೋಮಾರಿತನವೋ, ಕೊಬ್ಬೋ? ಆಸ್ಪತ್ರೆಗೆ ಹೋದರೆ ಜೀವನಪೂರ್ತಿ ಮಾತ್ರೆ ತಗೊಳ್ಳಬೇಕಾಗುತ್ತದೆ ಎಂಬ ಹೆದರಿಕೆ. ಮಾತ್ರೆ ಇಲ್ಲದೆ ನಾನೇ ಸರಿಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಅಕ್ಕನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿದ್ದೆಗೆಟ್ಟಿದ್ದಕ್ಕಿಂತ ಆ ಮಾತೇ ನಿಮ್ಮನ್ನು ಜಾಸ್ತಿ ಹಿಂಡುತ್ತಿದೆ ಅನಿಸಿತು. ಪತ್ರದ ಮೊದಲಿಗೇ ಸಾಲ ಇಲ್ಲ, ಜಗಳ ಇಲ್ಲ, ಸಾವು ಇಲ್ಲ ಎಂದು ಪಟ್ಟಿ ಕೊಟ್ಟಿದ್ದೀರಿ, ಯಾರೋ ವಿಚಾರಣೆಗೆ ಕರೆದಿದ್ದಾರೆ ಎಂಬಂತೆ. "ಕಾರಣ ಇಲ್ಲದೆ ಹೀಗಿದ್ದೇನೆ, ಅಂದಮೇಲೆ ತಪ್ಪು ನನ್ನದೇ" ಎಂಬ ಲೆಕ್ಕ ಒಳಗೆ ನಡೆಯುತ್ತಿದೆ, ಅಲ್ವಾ? ಇಷ್ಟು ವರ್ಷದ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಇದು: ಬದುಕಿನಲ್ಲಿ ದೊಡ್ಡ ಪೆಟ್ಟು ತಿಂದವರು ಬೇಗ ಸಹಾಯ ಕೇಳುತ್ತಾರೆ. "ಎಲ್ಲ ಇದೆ" ಅನ್ನುವವರು ತಿಂಗಳುಗಟ್ಟಲೆ ತಡಮಾಡುತ್ತಾರೆ. ಬಾಯಿ ಬಿಡಲು ಅವರಿಗೆ ನಾಚಿಕೆ.

ದುಃಖಕ್ಕೆ ಕಾರಣ ಬೇಕು. ಖಿನ್ನತೆಗೆ ಕಾರಣ ಬೇಕೇಬೇಕು ಎಂದೇನಿಲ್ಲ. ದುಃಖದಲ್ಲಿರುವವರಿಗೆ ಮಧ್ಯೆ ಒಂದು ನಗು ಬರುತ್ತದೆ. ಹಳೆಯ ಗೆಳತಿ ಬಂದರೆ ಒಂದು ಗಂಟೆ ಹಗುರವಾಗುತ್ತದೆ. ಖಿನ್ನತೆಯಲ್ಲಿ ಒಳ್ಳೆಯ ಸುದ್ದಿಯೂ ಒಳಗೆ ಇಳಿಯುವುದಿಲ್ಲ. ಹಾಡು ಅದೇ ಇರುತ್ತದೆ, ಕಿವಿಯೂ ಅದೇ ಇರುತ್ತದೆ, ಆದರೆ ಏನೂ ಮುಟ್ಟುವುದಿಲ್ಲ. ಅದಕ್ಕೇ ನಾವು "ಕಾರಣ ಏನು?" ಎನ್ನುವುದಕ್ಕಿಂತ ಮೊದಲು ಬೇರೆ ಎರಡು ವಿಷಯ ಕೇಳುತ್ತೇವೆ. ಎಷ್ಟು ದಿನದಿಂದ ಹೀಗಿದೆ? ದಿನದ ಬದುಕಿನಿಂದ ಏನೇನನ್ನು ಕಿತ್ತುಕೊಂಡಿದೆ?

ವೈದ್ಯರು ನೋಡುವ ಚಿಹ್ನೆಗಳು ಒಂಬತ್ತು. ಮನಸ್ಸು ಮಂಕಾಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಹಸಿವು ಅಥವಾ ತೂಕದಲ್ಲಿ ಬದಲಾವಣೆ, ಸುಸ್ತು, ಗಮನ ನಿಲ್ಲದಿರುವುದು, ತಾನು ಪ್ರಯೋಜನಕ್ಕಿಲ್ಲ ಎಂಬ ಅಪರಾಧಿ ಭಾವ, ಮೈ ನಿಧಾನವಾಗುವುದು ಅಥವಾ ಚಡಪಡಿಕೆ, ಸಾವಿನ ಯೋಚನೆ. ಇದರಲ್ಲಿ ಐದು ಅಥವಾ ಜಾಸ್ತಿ, ಹೆಚ್ಚು ಕಡಿಮೆ ಪ್ರತಿದಿನ, ಎರಡು ವಾರ ಇದ್ದರೆ ಖಿನ್ನತೆ ಎಂದು ಯೋಚಿಸುತ್ತೇವೆ. ಮೊದಲಿನ ಎರಡರಲ್ಲಿ ಒಂದಾದರೂ ಇರಬೇಕು. ಬರೀ ಪತ್ರ ಓದಿ ರೋಗದ ಹೆಸರು ಹೇಳುವುದು ಸರಿಯಲ್ಲ. ಆದರೆ ನೀವು ಎರಡು ವಾರವಲ್ಲ, ಮೂರು ತಿಂಗಳು ಹೀಗೆ ಕಳೆದಿದ್ದೀರಿ. ನೀವು ಬರೆದಿದ್ದು ಈ ಚಿತ್ರಕ್ಕೆ ಬಹಳ ಹೊಂದುತ್ತದೆ. ಮಕ್ಕಳ ಮೇಲೆ ರೇಗುವುದೂ ಇದರ ಭಾಗವೇ. ಖಿನ್ನತೆ ಎಂದರೆ ಮೂಲೆಯಲ್ಲಿ ಕೂತು ಅಳುವುದು ಎಂದೇ ಜನ ತಿಳಿದಿದ್ದಾರೆ. ಎಷ್ಟೋ ಮನೆಗಳಲ್ಲಿ ಅದು ಸಿಡುಕಿನ ರೂಪದಲ್ಲೇ ಮೊದಲು ಕಾಣುತ್ತದೆ.

ಸೋಮಾರಿತನದ ಮಾತು ಕೇಳಿದ್ದೀರಿ. ಸೋಮಾರಿಗೆ ಕೆಲಸ ಬೇಡವಾಗಿರುತ್ತದೆ, ಆದರೆ ಆರಾಮ ಹಿತವಾಗಿರುತ್ತದೆ. ನಿಮಗೆ ಆರಾಮವೂ ಹಿತವಾಗಿಲ್ಲ. ಇಷ್ಟು ಸಾಕು.

ಈಗ ಒಂದು ವಿಷಯ ನೇರವಾಗಿ ಕೇಳಲೇಬೇಕು. ನೀವು ಬರೆದಿಲ್ಲ, ಬರೆಯದಿದ್ದರೆ ಇಲ್ಲ ಎಂದು ನಾನು ತಿಳಿಯುವುದಿಲ್ಲ. ಬದುಕಿ ಏನು ಪ್ರಯೋಜನ ಅನಿಸುತ್ತದೆಯೇ? ನಾನು ಇಲ್ಲದಿದ್ದರೆ ಇವರೆಲ್ಲ ಚೆನ್ನಾಗಿರುತ್ತಾರೆ ಎಂಬ ಯೋಚನೆ ಬರುತ್ತದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಜನ ಉಸಿರು ಬಿಡುವುದನ್ನು ನಾನು ಎದುರಿಗೇ ನೋಡಿದ್ದೇನೆ. ಅಂಥ ಯೋಚನೆ ಬಂದು ಹೋಗುತ್ತಿದ್ದರೆ ಗಂಡನಿಗೆ ಇವತ್ತೇ ಹೇಳಿ, ಈ ವಾರವೇ ವೈದ್ಯರನ್ನು ನೋಡಿ. ಹೇಗೆ, ಯಾವಾಗ ಎಂಬ ಲೆಕ್ಕ ಶುರುವಾಗಿದ್ದರೆ ವಾರ ಕಾಯಬೇಡಿ. ಈಗಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಅಥವಾ ಸಹಾಯವಾಣಿಗೆ ಕರೆ ಮಾಡಿ. ಒಬ್ಬರೇ ಇರಬೇಡಿ. ಹಾನಿ ಮಾಡುವಂಥ ವಸ್ತು, ಮಾತ್ರೆಗಳನ್ನು ಮನೆಯವರು ತೆಗೆದಿಡಲಿ. ಈ ತೀವ್ರ ಗಳಿಗೆಗಳು ಏರಿ ಇಳಿಯುತ್ತವೆ. ಇಳಿಯುವ ತನಕ ಪಕ್ಕದಲ್ಲಿ ಒಬ್ಬರು ಇರುವುದು ಜೀವ ಉಳಿಸುತ್ತದೆ.

ಗಂಡನ ಸಲಹೆಗೆ ಬರೋಣ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಮನಸ್ಸು ಮಂಕಾಗಿರುವಾಗ "ಪಾಸಿಟಿವ್ ಆಗಿ ಯೋಚಿಸು" ಎಂಬುದು ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ತಿರುಗುಬಾಣವಾಗುತ್ತದೆ. ಮನಶ್ಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಯೋಚಿಸುವವರು "ನಾನು ಪ್ರೀತಿಗೆ ಅರ್ಹ ವ್ಯಕ್ತಿ" ಎಂಬಂಥ ಮಾತನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಒಳಗಿನ ದನಿ ಕೂಡಲೇ "ಸುಳ್ಳು" ಎಂದು ಎದುರಾಡುತ್ತದೆ. ಯೋಚನೆಯನ್ನು ಒತ್ತಿ ಹಿಡಿಯುವುದೂ ಹಾಗೇ. ಡೇನಿಯಲ್ ವೆಗ್ನರ್ 1987ರಲ್ಲಿ ಕೆಲವರಿಗೆ "ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ" ಎಂದು ಹೇಳಿ ನೋಡಿದರು. ಕರಡಿ ಮತ್ತೆ ಮತ್ತೆ ಬಂತು. ಮನಸ್ಸನ್ನು ತಡೆದು ಹಿಡಿಯುವುದೇ ಗಟ್ಟಿತನ ಎಂದು ನಂಬಿ ಸುಸ್ತಾದವರನ್ನು ನಾನು ಬಹಳ ನೋಡಿದ್ದೇನೆ.

ಧ್ಯಾನ ಒಳ್ಳೆಯದೇ. ಆದರೆ ಎಲ್ಲ ಕಾಲಕ್ಕೂ ಅಲ್ಲ. ಮನಸ್ಸು ತನ್ನನ್ನೇ ಕುಟುಕುತ್ತಿರುವಾಗ ಕಣ್ಣು ಮುಚ್ಚಿ ಅದರ ಜೊತೆ ಇಪ್ಪತ್ತು ನಿಮಿಷ ಒಬ್ಬರೇ ಕೂರುವುದು ಕೆಲವರಿಗೆ ಹಿಂಸೆ. ನಿಮಗೆ ಜಾಸ್ತಿ ಆಗುತ್ತಿದೆ ಅಂದಿರಿ, ಹಾಗಾದರೆ ಸದ್ಯಕ್ಕೆ ಬಿಡಿ. ನೀವು ಸೋತಿರಿ ಎಂದು ಇದರ ಅರ್ಥವಲ್ಲ. ಬೇಕಿದ್ದರೆ ಚೇತರಿಸಿಕೊಂಡ ಮೇಲೆ ಮತ್ತೆ ಕೂರಬಹುದು.

ಮೂರೂವರೆಯ ಎಚ್ಚರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅರ್ಥವಾದರೆ ಅರ್ಧ ಭಯ ಹೋಗುತ್ತದೆ. ನಮ್ಮ ನಿದ್ದೆಯ ಮೊದಲ ಅರ್ಧದಲ್ಲಿ ಗಾಢ ನಿದ್ದೆ ಜಾಸ್ತಿ. ಎರಡನೇ ಅರ್ಧದಲ್ಲಿ ಕನಸಿನ ನಿದ್ದೆ, ತೆಳು ನಿದ್ದೆ ಜಾಸ್ತಿ. ಮೂರೂವರೆ ಹೊತ್ತಿಗೆ ದೇಹ ತನ್ನ ನಿದ್ದೆಯ ಹಸಿವನ್ನು ಬಹಳಷ್ಟು ತೀರಿಸಿಕೊಂಡಿರುತ್ತದೆ. ಅದೇ ಸಮಯಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರಲು ಶುರುವಾಗುತ್ತದೆ. ಅದು ನಮ್ಮನ್ನು ಬೆಳಗಿಗೆ ಸಜ್ಜುಮಾಡುವ ಹಾರ್ಮೋನು. ಎಲ್ಲರಿಗೂ ಆ ಹೊತ್ತಿನಲ್ಲಿ ನಿದ್ದೆ ತೆಳುವೇ. ಖಿನ್ನತೆಯಲ್ಲಿ ಈ ಗಡಿಯಾರ ಇನ್ನಷ್ಟು ಮುಂದಕ್ಕೆ ಜರುಗಿದಂತೆ ಆಗುತ್ತದೆ. ಬೇಗ ಎಚ್ಚರ, ಬೆಳಿಗ್ಗೆ ತೀರಾ ಭಾರ, ಸಂಜೆಗೆ ಪರವಾಗಿಲ್ಲ: ನೀವು ಬರೆದ ಈ ಕ್ರಮ ನಮಗೆ ಬಹಳ ಪರಿಚಿತ. ಬೆಳಿಗ್ಗೆ ಏಳಲಾಗದವಳು ಸಂಜೆ ಹೇಗೆ ಸರಿಹೋಗುತ್ತಾಳೆ, ನಾಟಕವೇ ಎಂದು ಯಾರಾದರೂ ಅಂದರೆ ಇದನ್ನು ಓದಿಸಿ.

ಆ ಹೊತ್ತಿನಲ್ಲಿ ಏನು ಮಾಡಬೇಕು? ಮೊದಲು, ಮೂರೂವರೆಗೆ ಬಂದ ಯೋಚನೆಗೆ ಮೂರೂವರೆಗೇ ತೀರ್ಪು ಕೊಡಬೇಡಿ. ಮಿದುಳು ಅರೆನಿದ್ದೆಯಲ್ಲಿದೆ, ಸುತ್ತ ಕತ್ತಲು, "ಹಾಗಲ್ಲ" ಎನ್ನಲು ಒಬ್ಬರೂ ಇಲ್ಲ. ತೀರಾ ಕಾಡಿದರೆ ಒಂದು ಸಾಲು ಬರೆದಿಡಿ, ಸಂಜೆ ನೋಡಿ. ಇಪ್ಪತ್ತು ನಿಮಿಷ ಆಯಿತು ಅನಿಸಿದರೆ ಹಾಸಿಗೆ ಬಿಟ್ಟು ಎದ್ದು ಬೇರೆ ಕಡೆ ಕೂರಿ. ಗಡಿಯಾರ ನೋಡುತ್ತಾ ಲೆಕ್ಕ ಹಾಕಬೇಡಿ. ಬೆಳಕು ಮಂದವಾಗಿರಲಿ, ಫೋನ್ ಬೇಡ. ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಹಾಸಿಗೆ ಅಂದರೆ ಚಿಂತೆಯ ಜಾಗ ಎಂದು ಮೈಗೆ ರೂಢಿಯಾಗಬಾರದು ಎನ್ನುವುದು ಇದರ ಹಿಂದಿನ ಯೋಚನೆ. ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿಕೊಟ್ಟ ಈ ಉಪಾಯವನ್ನು ಇಂದಿಗೂ ನಿದ್ದೆ ಚಿಕಿತ್ಸೆಯಲ್ಲಿ ಬಳಸುತ್ತೇವೆ. ಎಷ್ಟು ಹೊತ್ತಿಗೆ ನಿದ್ದೆ ಬಂದರೂ ಏಳುವ ಸಮಯ ಮಾತ್ರ ಒಂದೇ ಇರಲಿ, ರಜೆಯ ದಿನವೂ.

ಕಾರಣ ಇಲ್ಲ ಅಂದಿರಿ. ಕಾಣುವ ಕಾರಣ ಇಲ್ಲದಿರಬಹುದು, ಹುಡುಕಬೇಕಾದವು ಕೆಲವಿವೆ. ಮೊದಲು ದೇಹ. ಥೈರಾಯ್ಡ್ ನಿಧಾನವಾದರೆ, ರಕ್ತ ಕಡಿಮೆಯಾದರೆ, ಬಿ12 ಕೊರತೆಯಾದರೆ ಮನಸ್ಸು ಇದೇ ರೀತಿ ಮಂಕಾಗಬಹುದು. ಅದಕ್ಕೇ ಒಂದು ರಕ್ತಪರೀಕ್ಷೆ ಮಾಡಿಸಿ ಎನ್ನುತ್ತೇನೆ. ನಿಮ್ಮ ವಯಸ್ಸಿನಲ್ಲಿ ಮುಟ್ಟಿನ ಕ್ರಮ ಬದಲಾಗಲು ಶುರುವಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಆ ವರ್ಷಗಳಲ್ಲಿ ಖಿನ್ನತೆ ಬರುವ ಸಾಧ್ಯತೆ ಹೆಚ್ಚುತ್ತದೆ. ಬೇರೆ ಕಾಯಿಲೆಗೆ ಸ್ಟೀರಾಯ್ಡ್‌ನಂಥ ಔಷಧ ತಗೊಳ್ಳುತ್ತಿದ್ದರೆ ಅದನ್ನೂ. ಮನೆತನದ ಪಾತ್ರವೂ ಇದೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಖಿನ್ನತೆ ಬಂದಿದ್ದರೆ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು. ಬಂದೇ ಬರುತ್ತದೆ ಎಂದಲ್ಲ. ಆದರೆ ನಿಮ್ಮ ಅಮ್ಮ "ಕೆಲವು ವರ್ಷ ಮಂಕಾಗಿದ್ದಳು" ಎಂಬ ಮಾತು ಮನೆಯಲ್ಲಿ ಕೇಳಿದ್ದರೆ ಅದು ಮುಖ್ಯ ಮಾಹಿತಿ.

ಇನ್ನೊಂದು ಕಾರಣ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ದಿನ ಬೀಳುವ ಪೆಟ್ಟು ಎಲ್ಲರಿಗೂ ಕಾಣುತ್ತದೆ. ವರ್ಷಗಟ್ಟಲೆ ಬಿಡುವಿಲ್ಲದೆ ಎಲ್ಲರ ಬೇಕು ಬೇಡಗಳನ್ನು ತಲೆಯಲ್ಲಿ ಹೊತ್ತು ತಿರುಗುವುದು ಕಾಣುವುದಿಲ್ಲ. ಹೊತ್ತವರಿಗೂ ಅದು ಭಾರ ಅನಿಸುವುದಿಲ್ಲ, ಅಭ್ಯಾಸ ಅನಿಸುತ್ತದೆ. ಕಳೆದ ಒಂದು ವರ್ಷದಲ್ಲಿ ಯಾರಿಗೂ ಬೇಕಾಗಿಲ್ಲದ ಒಂದು ಪೂರ್ತಿ ಗಂಟೆ ನಿಮಗೆ ಎಷ್ಟು ಸಲ ಸಿಕ್ಕಿತು? ಇದನ್ನು ನಿಮ್ಮನ್ನು ದೂರಲು ಕೇಳುತ್ತಿಲ್ಲ. ಚಿಕಿತ್ಸೆ ಮುಗಿದ ಮೇಲೂ ಈ ಒಂದು ಜಾಗ ಹಾಗೇ ಉಳಿದರೆ ಮಂಕು ಮತ್ತೆ ಬರುವುದನ್ನು ನೋಡಿದ್ದೇನೆ, ಅದಕ್ಕೆ ಕೇಳಿದೆ.

ಮಾತ್ರೆ ಇಲ್ಲದೆ ಆಗುತ್ತದೆಯೇ? ಆಗಬಹುದು. ಖಿನ್ನತೆ ಸೌಮ್ಯವೋ ಮಧ್ಯಮವೋ ಆಗಿದ್ದರೆ ಮಾತಿನ ಚಿಕಿತ್ಸೆ ಒಂದರಿಂದಲೇ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಆದರೆ "ನಾನೇ ಸರಿಮಾಡಿಕೊಳ್ಳುತ್ತೇನೆ" ಎಂಬುದು ಬೇರೆ, "ಮಾತ್ರೆ ಇಲ್ಲದೆ" ಎಂಬುದು ಬೇರೆ. ಎರಡನ್ನೂ ಒಂದೇ ಮಾಡಬೇಡಿ. ಮೂರು ತಿಂಗಳು ನೀವು ಒಬ್ಬರೇ ಪ್ರಯತ್ನಿಸಿದ್ದೀರಿ. ಸುಮ್ನೆ ಕಾಯುವುದರ ಅಪಾಯ ಏನೆಂದರೆ, ಖಿನ್ನತೆ ದಿನದಿಂದ ದಿನಕ್ಕೆ ಒಂದೊಂದನ್ನೇ ಬಿಡಿಸುತ್ತದೆ. ಹಾಡು ಹೋಯಿತು, ಗೆಳತಿಯರು ಹೋದರು. ನಾಳೆ ಕೆಲಸಕ್ಕೂ ಕೈ ಹಾಕುತ್ತದೆ. ಬಿಟ್ಟಷ್ಟೂ ಮನಸ್ಸಿಗೆ ಆಸರೆ ಕಡಿಮೆ, ಆಸರೆ ಕಡಿಮೆಯಾದಷ್ಟೂ ಬಿಡುವುದು ಜಾಸ್ತಿ.

ಈ ಸುತ್ತನ್ನು ಹಿಂದಕ್ಕೆ ತಿರುಗಿಸುವ ಒಂದು ವಿಧಾನ ನನಗೆ ಬಹಳ ಇಷ್ಟ. "ಮನಸ್ಸು ಬಂದಮೇಲೆ ಮಾಡುತ್ತೇನೆ" ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಖಿನ್ನತೆಯಲ್ಲಿ ಇದು ತಲೆಕೆಳಗು. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ, ಅದೂ ನಿಧಾನವಾಗಿ. 1996ರಲ್ಲಿ ನೀಲ್ ಜೇಕಬ್ಸನ್ ತಂಡ ಖಿನ್ನತೆಯ ಮಾತಿನ ಚಿಕಿತ್ಸೆಯನ್ನು ಭಾಗ ಭಾಗ ಮಾಡಿ ಪರೀಕ್ಷಿಸಿತು. ದಿನಚರಿಗೆ ಚಟುವಟಿಕೆಗಳನ್ನು ಮತ್ತೆ ತುಂಬುವ ಭಾಗ ಒಂದೇ, ಪೂರ್ತಿ ಚಿಕಿತ್ಸೆಯಷ್ಟೇ ಕೆಲಸ ಮಾಡಿತು. ಹಾಗಾಗಿ ಇವತ್ತಿನಿಂದಲೇ ನೀವು ಶುರು ಮಾಡಬಹುದಾದದ್ದು ಇದು. ಹಾಡು ಐದು ನಿಮಿಷ ಹಾಕಿ. ಖುಷಿ ಆಗಲೇಬೇಕು ಎಂಬ ಷರತ್ತು ಬೇಡ, ಹಾಕಿದರೆ ಸಾಕು. ಹಾಕುವ ಮೊದಲು ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಆದಮೇಲೆ ಎಷ್ಟು ಎಂದು ಬರೆಯಿರಿ. ಎರಡು ಮೂರಾಗಬಹುದು, ಅಷ್ಟೇ. ಆ ಒಂದು ಅಂಕವನ್ನು ಸಣ್ಣದು ಎನ್ನಬೇಡಿ. ಬೆಳಿಗ್ಗೆ ಹತ್ತು ನಿಮಿಷ ಹೊರಗಿನ ಬೆಳಕಿನಲ್ಲಿ ನಡೆಯಿರಿ. ವಾರಕ್ಕೆ 150 ನಿಮಿಷ ನಡಿಗೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಆಮೇಲಿನ ಮಾತು, ಈಗ ಅದನ್ನು ಗುರಿ ಮಾಡಿಕೊಂಡರೆ ಮೂರನೇ ದಿನಕ್ಕೇ ಸೋತೆ ಅನಿಸುತ್ತದೆ. ಗೆಳತಿಗೆ ಫೋನ್ ಮಾಡಲು ಆಗದಿದ್ದರೆ ಒಂದು ಸಾಲು ಕಳಿಸಿ: "ಮಾತಾಡಲು ಆಗ್ತಿಲ್ಲ ಕಣೆ, ಆದರೆ ನೀನು ನೆನಪಾಗ್ತೀಯ." ಉತ್ತರ ಏನು ಬರುತ್ತದೆ ನೋಡಿ.

ಇದಕ್ಕೂ ಮಿತಿ ಇದೆ. ತೀವ್ರ ಖಿನ್ನತೆಯಲ್ಲಿ ಆ ಐದು ನಿಮಿಷಕ್ಕೂ ಕೈ ಏಳುವುದಿಲ್ಲ. ಆಗ "ಪ್ರಯತ್ನ ಮಾಡು" ಎನ್ನುವುದು ಕ್ರೂರವಾಗುತ್ತದೆ. ಮಾತಿನ ಚಿಕಿತ್ಸೆಗೂ ಕಷ್ಟಗಳಿವೆ. ಒಂದೊಂದು ಭೇಟಿಗೂ ಸಮಯ ಬೇಕು, ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಸಲ ಹೋಗಬೇಕಾಗುತ್ತದೆ. ಮೊದಲ ಚಿಕಿತ್ಸಕರು ನಿಮಗೆ ಹೊಂದದೇ ಇರಬಹುದು. ಮೂರು ನಾಲ್ಕು ಭೇಟಿಯಾದ ಮೇಲೂ ಬಾಯಿ ಬಿಚ್ಚಲು ಆಗದಿದ್ದರೆ ಬೇರೆಯವರನ್ನು ಹುಡುಕಿ, ಅದರಲ್ಲಿ ಸಂಕೋಚ ಬೇಡ. ಉಪದೇಶ ಮಾಡುವವರು, ನಿಮ್ಮ ಮಾತನ್ನು ಮಧ್ಯೆ ತಡೆದು ತಮ್ಮ ಕಥೆ ಹೇಳುವವರು ಚಿಕಿತ್ಸಕರಲ್ಲ.

ಇನ್ನು ಮಾತ್ರೆಯ ಹೆದರಿಕೆ. ಖಿನ್ನತೆಗೆ ಮೊದಲು ಕೊಡುವ ಔಷಧಗಳು ಎಸ್‌ಎಸ್‌ಆರ್‌ಐ ಎಂಬ ಗುಂಪಿನವು. ಇವು ಮದ್ಯ ಅಥವಾ ಕೆಲವು ನಿದ್ದೆ ಮಾತ್ರೆಗಳ ಹಾಗೆ ಚಟ ಹಿಡಿಸುವುದಿಲ್ಲ. ಇನ್ನಷ್ಟು ಬೇಕು ಎಂಬ ಹಂಬಲ ಬರುವುದಿಲ್ಲ. ಆದರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಜನ ಇದನ್ನೇ ಚಟ ಎಂದು ತಿಳಿಯುತ್ತಾರೆ. ವೈದ್ಯರ ಜೊತೆ ಮಾತಾಡಿ ನಿಧಾನವಾಗಿ ಇಳಿಸಿದರೆ ಬಹಳ ಜನರಿಗೆ ಸಲೀಸು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಮೊದಲ ಸಲ ಖಿನ್ನತೆ ಬಂದವರಿಗೆ, ಪೂರ್ತಿ ಚೇತರಿಸಿಕೊಂಡ ಮೇಲೆ ಇನ್ನೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ನಂತರ ಇಳಿಸುತ್ತೇವೆ. ಮತ್ತೆ ಮತ್ತೆ ಬಂದವರಿಗೆ ಜಾಸ್ತಿ ಕಾಲ ಬೇಕಾಗುತ್ತದೆ. ಜೀವನಪೂರ್ತಿ ಎಂಬುದು ಎಲ್ಲರ ಕಥೆಯಲ್ಲ.

ಔಷಧದ ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ಸ್ವಲ್ಪ ಚಡಪಡಿಕೆ ಬರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮಕ್ಕೆ ಆರರಿಂದ ಎಂಟು ವಾರ. ಅಂದರೆ ಕಷ್ಟ ಮೊದಲು, ಸುಖ ಆಮೇಲೆ. ಬಹಳ ಜನ ಹತ್ತನೇ ದಿನಕ್ಕೆ ನಿಲ್ಲಿಸುವುದು ಇದಕ್ಕೇ. ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಸಾಮಾನ್ಯ, ಕೇಳಲು ನಾಚಿ ಸುಮ್ಮನಿರುತ್ತಾರೆ. ದಯವಿಟ್ಟು ಕೇಳಿ, ಔಷಧ ಬದಲಿಸಬಹುದು. ಒಂದು ಔಷಧ ಹಿಡಿಸದಿದ್ದರೆ ಇನ್ನೊಂದು ಹಿಡಿಸಬಹುದು. 25ಕ್ಕಿಂತ ಚಿಕ್ಕವರಲ್ಲಿ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚುವ ಅಪಾಯ ಇರುವುದರಿಂದ ಅವರನ್ನು ಹತ್ತಿರದಿಂದ ಗಮನಿಸಬೇಕು. ನೀವು ಆ ವಯಸ್ಸು ದಾಟಿದ್ದೀರಿ, ಆದರೂ ಶುರುವಿನಲ್ಲಿ ಯಾರಾದರೂ ಗಮನಿಸುತ್ತಿರಲಿ. ಹಿಂದೆ ಯಾವಾಗಲಾದರೂ ಹಲವು ದಿನ ನಿದ್ದೆಯೇ ಬೇಡವೆನಿಸಿ, ವಿಪರೀತ ಉತ್ಸಾಹ, ಎಲ್ಲೆ ಮೀರಿದ ಖರ್ಚು, ಮಾತು ಹೆಚ್ಚಾಗಿದ್ದ ಕಾಲ ಇತ್ತೇ? ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಏರಬಹುದು, ಅವರ ಚಿಕಿತ್ಸೆಯೇ ಬೇರೆ. ನೋವಿನ ಮಾತ್ರೆ ಸೇರಿದಂತೆ ನೀವು ತಗೊಳ್ಳುವ ಎಲ್ಲ ಔಷಧದ ಹೆಸರೂ ಹೇಳಿ.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೊಂದು ಮಾತ್ರೆಯ ಬಗ್ಗೆ. "ನಿದ್ದೆ ಬಂದರೆ ಎಲ್ಲ ಸರಿಹೋಗುತ್ತೆ" ಎಂದು ಯಾರೋ ಕೊಟ್ಟ ಆಲ್ಪ್ರಜೋಲಮ್, ಕ್ಲೋನಜೆಪಮ್ ಗುಂಪಿನ ಮಾತ್ರೆ ನುಂಗುವುದು. ಅದೇ ರಾತ್ರಿ ನಿದ್ದೆ ಬರುತ್ತದೆ, ಹಾಗಾಗಿ ನಂಬಿಕೆಯೂ ಬರುತ್ತದೆ. ಚಟ ಹಿಡಿಸುವುದು ಇವು. ಕೆಲವು ವಾರಗಳ ಮೇಲೆ ಅದೇ ಅಳತೆ ಸಾಲುವುದಿಲ್ಲ, ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ. ವೈದ್ಯರು ಕೊಟ್ಟರೂ ಎಷ್ಟು ದಿನಕ್ಕೆ ಎಂದು ಕೇಳಿ. ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಬೇಡ ಎಂಬುದು ಸಾಮಾನ್ಯ ನಿಯಮ. ಆದರೆ ಈಗಾಗಲೇ ಬಹಳ ಕಾಲದಿಂದ ತಗೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬಾರದು. ಹಠಾತ್ತಾಗಿ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಜೊತೆ ಸೇರಿ ಇಳಿಸಬೇಕು. ನಿದ್ದೆಗೆಂದು ಮದ್ಯ ಹಿಡಿಯುವುದೂ ಬೇಡ. ಅದು ಮಲಗಿಸುತ್ತದೆ, ಆದರೆ ನಡುರಾತ್ರಿ ಎಬ್ಬಿಸುತ್ತದೆ.

ಮಕ್ಕಳ ಬಗ್ಗೆ ನಿಮಗೆ ಸಂಕಟ ಇದೆ, ಅದನ್ನು ಹಾಗೇ ಬಿಡಲಾರೆ. ರೇಗಿದ್ದು ಆಗಿಹೋಯಿತು. ಮಕ್ಕಳಿಗೆ ಕಾರಣ ಹೇಳದಿದ್ದರೆ ಅವರೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಸಾಮಾನ್ಯವಾಗಿ ಅದು "ನನ್ನಿಂದಲೇ ಅಮ್ಮ ಹೀಗೆ" ಎಂಬುದು. ಅವರನ್ನು ಕೂರಿಸಿಕೊಂಡು ಹೇಳಿ: "ನಿನ್ನೆ ಕೂಗಾಡಿದ್ದು ನನ್ನ ತಪ್ಪು. ನಿನ್ನಿಂದ ಆಗಿದ್ದಲ್ಲ. ನನಗೆ ಹುಷಾರಿಲ್ಲ, ಸರಿಮಾಡಿಕೊಳ್ತಾ ಇದ್ದೀನಿ." ಇದಕ್ಕಿಂತ ಉದ್ದದ ವಿವರಣೆ ಬೇಡ. ಬಾಗಿಲು ಹಾಕಿಕೊಂಡು ಅತ್ತಿದ್ದು ಅವರಿಗೆ ಗೊತ್ತಾಗಿರುತ್ತದೆ. ಗೊತ್ತಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ ಅಷ್ಟೇ.

ಗಂಡನಿಗೆ ಸಲಹೆ ಕೊಡುವ ಕೆಲಸದಿಂದ ಬಿಡುಗಡೆ ಕೊಡಿ, ಬದಲಿಗೆ ಒಂದು ನಿಜವಾದ ಕೆಲಸ ಕೊಡಿ. ವೈದ್ಯರ ಸಮಯ ಅವರೇ ತಗೊಳ್ಳಲಿ, ಜೊತೆಗೆ ಬರಲಿ. ಬೆಳಗಿನ ಮಕ್ಕಳ ಜವಾಬ್ದಾರಿಯನ್ನು ಸದ್ಯಕ್ಕೆ ಪೂರ್ತಿ ಹೊರಲಿ, ಯಾಕೆಂದರೆ ನಿಮ್ಮ ದಿನದ ಅತಿ ಕೆಟ್ಟ ಹೊತ್ತು ಅದೇ. ಅಕ್ಕ ಮತ್ತೆ ಕೇಳಿದರೆ "ಏನೂ ಕಡಿಮೆಯಾಗಿಲ್ಲ ಅಕ್ಕ, ಅದಕ್ಕೇ ಇದು ಕಾಯಿಲೆ ಇರಬಹುದು ಅಂತ ಡಾಕ್ಟರಿಗೆ ತೋರಿಸ್ತಿದ್ದೀನಿ" ಎನ್ನಿ.

ಮೊದಲು ನಿಮ್ಮನ್ನು ಬಲ್ಲ ಸಾಮಾನ್ಯ ವೈದ್ಯರ ಹತ್ತಿರ ಹೋದರೂ ಆಗುತ್ತದೆ. ರಕ್ತಪರೀಕ್ಷೆ ಅವರೇ ಮಾಡಿಸುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಕಳಿಸುತ್ತಾರೆ. ಎದುರಿಗೆ ಕೂತಾಗ ಬಾಯಿ ಕಟ್ಟಿ "ಏನಿಲ್ಲ ಡಾಕ್ಟ್ರೇ, ಸ್ವಲ್ಪ ನಿದ್ದೆ ಬರ್ತಿಲ್ಲ" ಎಂದಷ್ಟೇ ಹೇಳಿ ಎದ್ದು ಬರುವವರು ಬಹಳ. ಹಾಗಾಗದಂತೆ, ನನಗೆ ಬರೆದ ಈ ಪತ್ರವನ್ನೇ ತೆಗೆದುಕೊಂಡು ಹೋಗಿ. ಕೆಳಗೆ ಹಸಿವು ಹೇಗಿದೆ, ಮುಟ್ಟಿನ ಕ್ರಮ ಹೇಗಿದೆ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಸಾವಿನ ಯೋಚನೆ ಬಂದಿದೆಯೇ ಎಂದು ನಾಲ್ಕು ಸಾಲು ಸೇರಿಸಿ. ಮಾತು ಹೊರಡದಿದ್ದರೆ ಕಾಗದವನ್ನು ಅವರ ಮೇಜಿನ ಮೇಲಿಡಿ. ನೀವು ಎಲ್ಲವನ್ನೂ ಸ್ಪಷ್ಟವಾಗಿ ಬರೆದಿದ್ದೀರಿ, ಅವರಿಗೆ ಅರ್ಥವಾಗುತ್ತದೆ.